ಮಳೆಗೆ ಕೊರೆದುಹೋಗುವ ಜೀಪ್ ಜಾಡು: ದಿಮ್ಮಿ ಅಡ್ಡ ಹಾಕಿದರೂ ನಿಲ್ಲುತ್ತಿಲ್ಲ, ಎಲ್ಲಿಂದ ಶುರು ಮಾಡೋಣ?

ಪ್ರಶ್ನೆ

ಗುಡ್ಡದ ಪಕ್ಕೆಯಲ್ಲಿ 4 ಕಿ.ಮೀ. ಜಾಡು. ಜೀಪು, ಬೈಕು ಎರಡೂ ಓಡುತ್ತವೆ. ಜಾಗದವರ ಒಪ್ಪಿಗೆ ಬರಹದಲ್ಲೇ ಇದೆ. ಸ್ವಯಂಸೇವಕರು 12 ಮಂದಿ, ಮಿನಿ ಎಕ್ಸ್‌ಕವೇಟರ್ ಎರಡು ದಿನ ಸಿಗುತ್ತದೆ. ಪ್ರತಿ ಮಳೆಗೂ ಚಕ್ರದ ಸಾಲು ಕೊರೆದು ಆಳವಾಗುತ್ತದೆ. ನೀರು ತಿರುಗಿಸಲು ಅಡ್ಡ ಹಾಕಿದ್ದ ಮರದ ದಿಮ್ಮಿಗಳು ಕಿತ್ತು ಬಂದವು. ಮಣ್ಣು ತುಂಬಿದರೆ ಮುಂದಿನ ಮಳೆಗೆ ಖಾಲಿ. ಅನುಭವ ಇರುವವರು ದಯವಿಟ್ಟು ಹೇಳಿ.

ಉತ್ತರ 1

ಕೊರಕಲು ತುಂಬುವುದನ್ನು ಮೊದಲು ನಿಲ್ಲಿಸಿ ಸರ್. ನೀರಿಗೆ ಹೊರಹೋಗುವ ದಾರಿ ಸಿಗುವ ತನಕ ತುಂಬಿದ ಮಣ್ಣೆಲ್ಲ ಹಳ್ಳದ ಪಾಲು.

ಹೊರಗಡೆಗೆ 3–5% ವಾಟ ಕೊಟ್ಟರೆ ನೀರು ಇಳಿದುಹೋಗುತ್ತದೆ ಎನ್ನುವುದು ಕಾಲುದಾರಿಗೆ ಸರಿ. ವಾಹನ ಓಡುವಲ್ಲಿ ಅದೊಂದನ್ನೇ ನಂಬಬೇಡಿ. ಚಕ್ರ ನಡುವೆ ತಗ್ಗು ಮಾಡುತ್ತದೆ, ಹೊರ ಅಂಚಿಗೆ ಮಣ್ಣು ಸರಿದು ಬದು ಏಳುತ್ತದೆ, ಆಮೇಲೆ ಜಾಡೇ ಕಾಲುವೆ. ದಿಮ್ಮಿಯೂ ಹಾಗೆಯೇ. ಚಕ್ರ ಬಡಿದು ಬಡಿದು ಸಡಿಲವಾಗುತ್ತದೆ, ಹಿಂದುಗಡೆ ಹೂಳು ತುಂಬುತ್ತದೆ, ನೀರು ಮೇಲಿಂದ ಹಾರಿ ಕೆಳಗೆ ಗುಣಿ ತೋಡುತ್ತದೆ.

ಬೇಕಾಗಿರುವುದು ಉದ್ದನೆಯ ತಗ್ಗು, ಅದರ ಕೆಳಗೊಂದು ದಿಬ್ಬ. ಇಳಿದು ಬರುವ ಜಾಡು ಒಂದು ಕಡೆ ಸ್ವಲ್ಪ ಮೇಲಕ್ಕೆ ಏರಬೇಕು. ಆಗ ನೀರು ಮುಂದೆ ಹೋಗಲಾರದೆ ಪಕ್ಕಕ್ಕೆ ಇಳಿಯುತ್ತದೆ. ಜೀಪಿಗೆ ದಿಬ್ಬದ ಬುಡ ಒಟ್ಟು 9 ಮೀಟರ್ ಇರಲಿ: ತಗ್ಗಿನ ಕಡೆ 3, ಇಳಿಯುವ ಕಡೆ 6. ದಮ್ಮಸು ಮಾಡಿದ ಮೇಲೂ 40 ಸೆಂ.ಮೀ. ಎತ್ತರ ಉಳಿಯಬೇಕು. 3 ಮೀಟರ್ ಅಗಲದ ಜಾಡಿಗೆ ಒಂದೊಂದಕ್ಕೂ ಸುಮಾರು 5.4 ಘನ ಮೀಟರ್ ಗಟ್ಟಿ ಮಣ್ಣು, ಅಂದರೆ 70 ಲೀಟರಿನ ತಳ್ಳುಗಾಡಿಯಲ್ಲಿ ಹತ್ತಿರ ಹತ್ತಿರ ನೂರು ಗಾಡಿ ಸಡಿಲ ಮಣ್ಣು. ಹಾಗಾಗಿ ಆ ಎರಡು ದಿನವೂ ಯಂತ್ರವನ್ನು ಇದೊಂದಕ್ಕೇ ಇಟ್ಟುಕೊಳ್ಳಿ. ತಗ್ಗು ತೋಡಿದ ಮಣ್ಣೇ ದಿಬ್ಬಕ್ಕೆ ಸಾಕಾಗುವಂತೆ ಜಾಗ ಆರಿಸಿದರೆ ಹೊರುವ ಕೆಲಸ ಉಳಿಯುತ್ತದೆ.

ಬೈಕಿನವರಿಗೆ ಸಾಕೆಂದು ಉದ್ದ ಕಡಿಮೆ ಮಾಡಿ ಕಡಿದಾದ ದಿಬ್ಬ ಹಾಕಿದಿರೋ, ಜೀಪಿನ ಹೊಟ್ಟೆ ತಾಗುತ್ತದೆ. ಆಗ ಚಾಲಕರು ಪಕ್ಕದಿಂದ ಹೊಸ ದಾರಿ ಮಾಡಿಕೊಳ್ಳುತ್ತಾರೆ.

ಉತ್ತರ 2

ಮೇಲಿನ ಲೆಕ್ಕ ಸರಿ ಇದೆ. ದಮ್ಮಸಿನ ಬಗ್ಗೆ ಸೇರಿಸುತ್ತೇನೆ, ಹೆಚ್ಚಿನ ದಿಬ್ಬಗಳು ಕುಸಿದು ಕೂರುವುದು ಅದು ತಪ್ಪಿದಾಗಲೇ.

ಮಣ್ಣು ಹದದಲ್ಲಿರಬೇಕು. ಒಂದು ಹಿಡಿ ತೆಗೆದು ಬಿಗಿಯಾಗಿ ಅದುಮಿ. ಉಂಡೆ ನಿಂತು, ಬೆರಳಿಂದ ಒತ್ತಿದಾಗ ಎರಡು ಮೂರು ಹೋಳಾದರೆ ಹದ. ಪುಡಿಯಾದರೆ ನೀರು ಚಿಮುಕಿಸಿ. ಅಂಗೈಗೆ ಮೆತ್ತಿಕೊಂಡರೆ ಅವತ್ತು ಬೇರೆ ಕೆಲಸ ನೋಡಿ. 15 ಸೆಂ.ಮೀ.ಗಿಂತ ದಪ್ಪ ಪದರ ಹಾಕಬೇಡಿ. ಒಂದನ್ನು ಗಟ್ಟಿ ಮಾಡಿಯೇ ಇನ್ನೊಂದು. ಬೇರು, ಎಲೆಗೊಬ್ಬರದ ಕಪ್ಪು ಮಣ್ಣು ಸೇರಿದರೆ ಕೊಳೆತು ಕುಸಿಯುತ್ತದೆ, ಅದನ್ನು ಬೇರೆ ರಾಶಿ ಹಾಕಿ.

ಕೈಕೆಲಸದವರು ತಗ್ಗಿನ ಬಾಯಿ ನೋಡಿಕೊಳ್ಳಲಿ. ಕನಿಷ್ಠ ಒಂದು ಮೀಟರ್ ಅಗಲ ಬಿಡಿಸಿ, ನೀರು ಬೀಳುವಲ್ಲಿ ಕಲ್ಲು ಹಾಸಿ. ಹೊರ ಅಂಚಿನ ಬದುವನ್ನು ಗುದ್ದಲಿಯಿಂದ ಎಳೆದು ಜಾಡಿಗೇ ಹಾಕಿ. ಅದು ಜಾಡಿನದೇ ಮಣ್ಣು, ಹಳ್ಳಕ್ಕೆ ತಳ್ಳಬೇಡಿ. ಗುದ್ದಲಿ, ಪಿಕಾಸಿ ಬೀಸುವವರ ನಡುವೆ 3 ಮೀಟರ್ ಅಂತರ ಇರಲೇಬೇಕು. ಯಂತ್ರದ ತೋಳಿನ ವ್ಯಾಪ್ತಿಯಲ್ಲಿ ಯಾರೂ ನಿಲ್ಲಬಾರದು.

ಉತ್ತರ 3

ಬೈಕು ಓಡುತ್ತವೆ ಎಂದಿರಿ, ಹಾಗಾದರೆ ನೇರ ಭಾಗದಲ್ಲಿ ಅಲೆ ಅಲೆಯ ಉಬ್ಬುಗಳೂ ಇರುತ್ತವೆ. ಉಬ್ಬು ಕೆರೆದು ತಗ್ಗಿಗೆ ತುಂಬಿದರೆ ಅದೇ ಜಾಗದಲ್ಲಿ ಮತ್ತೆ ಏಳುತ್ತವೆ, ಏಕೆಂದರೆ ತುಂಬಿದ್ದು ಸಡಿಲ, ಪಕ್ಕದ್ದು ಗಟ್ಟಿ. ತಗ್ಗಿನ ತಳಕ್ಕಿಂತ ಕೆಳಗೆ ಹೋಗುವಷ್ಟು ಆಳ ಉತ್ತು, ಪೂರ್ತಿ ಕಲಸಿ, ಸಮ ಮಾಡಿ ದಮ್ಮಸು ಮಾಡಬೇಕು.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು. ಮೇಲಿನ ಒಂದು 200 ಮೀಟರ್ ಬಹಳ ಕಡಿದು. ಅಳೆದಾಗ ಜಾಡಿನ ಏರು 15%, ಗುಡ್ಡದ ಪಕ್ಕೆಯ ಇಳಿಜಾರು 24% ಬಂತು. ಅಲ್ಲೂ ತಗ್ಗು ಮಾಡಬಹುದೇ?

ಉತ್ತರ 1

ಅಲ್ಲಿ ಬೇಡ. ಜಾಡಿನ ಏರು ಪಕ್ಕೆಯ ಇಳಿಜಾರಿನ ಅರ್ಧ ದಾಟಬಾರದು, ನಿಮ್ಮಲ್ಲಿ 12% ಮಿತಿ. ದಾಟಿದರೆ ಪಕ್ಕಕ್ಕೆ ಬಿಟ್ಟ ನೀರು ಮತ್ತೆ ಜಾಡನ್ನೇ ಹುಡುಕಿಕೊಂಡು ಬರುತ್ತದೆ. ಆ ತುಂಡಿಗೆ ದಾರಿ ಬದಲಿಸಿ.

200 ಮೀಟರಿನಲ್ಲಿ ನೀವು ಏರುತ್ತಿರುವುದು 30 ಮೀಟರ್. 9% ಏರಿನಲ್ಲಿ ಹೋದರೆ ಸುಮಾರು 330 ಮೀಟರ್ ಉದ್ದ ಬೇಕು. 10 ಮೀಟರ್ ದಾರ, ರಸಮಟ್ಟ ಹಿಡಿದು 90 ಸೆಂ.ಮೀ. ಎತ್ತರ ವ್ಯತ್ಯಾಸಕ್ಕೆ ಒಂದೊಂದು ಬಾವುಟ ನೆಡುತ್ತ ಹೋಗಿ. ಜಾಡಿನ ಪೂರ್ತಿ ಅಗಲವನ್ನು ಗಟ್ಟಿ ನೆಲದಲ್ಲೇ ಕಡಿಯಿರಿ. ಅರ್ಧ ಕಡಿದು ಅರ್ಧ ತುಂಬಿದರೆ ಹೊರಗಡೆಯ ಚಕ್ರ ಸಡಿಲ ಮಣ್ಣಿನ ಮೇಲೆ ಬಂದು ಅಂಚು ಜಾರುತ್ತದೆ.

ಉತ್ತರ 2

ಹಳೆಯ ತುಂಡನ್ನು ಅದೇ ದಿನ ಮುಚ್ಚಿಬಿಡಿ. ಎರಡೂ ದಾರಿ ಕಣ್ಣಿಗೆ ಕಂಡರೆ ಎರಡರಲ್ಲೂ ಓಡಿಸುತ್ತಾರೆ. ಬಾಯಿಗೆ ಬರೀ ಎರಡು ಕಲ್ಲಿಟ್ಟರೆ ಸಾಲದು: ನೆಲವನ್ನು ಆಳವಾಗಿ ಕೆದಕಿ, ತೆಗೆದಿಟ್ಟ ಕಪ್ಪು ಮಣ್ಣು ಹರಡಿ, ನೀರು ಓಡದಂತೆ ಅಡ್ಡ ಅಡ್ಡ ಬದು ಹಾಕಿ. ಆಮೇಲೆ ಎರಡೂ ತುದಿಯಿಂದ ಕಣ್ಣು ಹಾಯುವಷ್ಟು ದೂರ ಕೊಂಬೆಗಳನ್ನು ಪೊದೆಯಂತೆ ನಿಲ್ಲಿಸಿ ಹೂಳಿ. ಮಲಗಿಸಿಟ್ಟ ಕೊಂಬೆಯನ್ನು ಜೀಪು ಹತ್ತಿಕೊಂಡು ಹೋಗುತ್ತದೆ.