ಸಹಾಯ ಬೇಕು: ಈ ಕ್ರೀಮು, ಸೀರಮ್‌ಗಳನ್ನು ಇಟ್ಟುಕೊಳ್ಳಲಾ, ಎಸೆಯಲಾ?

ಎಲ್ಲರಿಗೂ ನಮಸ್ಕಾರ. ನಿನ್ನೆ ಕಪಾಟು ಕ್ಲೀನ್ ಮಾಡುವಾಗ ಅರ್ಧ ಬಳಸಿ ಮರೆತಿದ್ದ ಬಾಟಲಿಗಳ ರಾಶಿಯೇ ಸಿಕ್ಕಿತು. ಯಾವುದನ್ನು ಯಾವಾಗ ತೆರೆದೆ ಅಂತ ಒಂದೂ ನೆನಪಿಲ್ಲ.

ಹಿಂಬದಿಯಲ್ಲಿ ಮುಚ್ಚಳ ತೆರೆದ ಡಬ್ಬಿಯ ಚಿತ್ರ, ಅದರೊಳಗೆ ‘12ಎಂ’ ಅಂತ ಇರುತ್ತದಲ್ಲ, ಅಂದರೆ ತೆರೆದ ಮೇಲೆ 12 ತಿಂಗಳು. ಅಷ್ಟು ಗೊತ್ತು. ಆದರೆ ತೆರೆದ ದಿನವೇ ಗೊತ್ತಿಲ್ಲದಿದ್ದರೆ ಹೇಗೆ ಲೆಕ್ಕ ಹಾಕುವುದು?

ವಿಟಮಿನ್ ಸಿ ಸೀರಮ್ ಮೊದಲು ನೀರಿನ ಹಾಗಿತ್ತು, ಈಗ ಕಡು ಕಂದು. ಗಾಳಿ, ಬೆಳಕು ತಾಗಿ ಆಕ್ಸಿಡೈಸ್ ಆಗಿದೆ, ಇನ್ನು ಅದು ಹೋದ ಹಾಗೇ ಅಲ್ವಾ? ಸನ್‌ಸ್ಕ್ರೀನ್‌ನ ದಿನಾಂಕ ಮುಗಿದಿತ್ತು, ಯೋಚಿಸದೆ ಎಸೆದೆ. ಕೆಲಸ ಮಾಡುತ್ತದಾ ಅಂತ ಬಿಸಿಲಲ್ಲಿ ನಿಂತು ನೋಡುವ ಧೈರ್ಯ ನನಗಿಲ್ಲ!

ನಿಜವಾದ ಗೊಂದಲ ಮಾಯಿಶ್ಚರೈಸರ್‌ದು. ಅಗಲ ಬಾಯಿಯ ಡಬ್ಬಿ, ದಿನಾ ಬೆರಳು ಅದ್ದಿದ್ದೇನೆ. ವಾಸನೆ ಸರಿಯಿದೆ, ಬಣ್ಣವೂ ಬದಲಾಗಿಲ್ಲ. ಆದರೆ ಮೇಲೆ ಸ್ವಲ್ಪ ನೀರು ಬಿಟ್ಟುಕೊಂಡಿದೆ. ಕಲಸಿ ಹಚ್ಚಬಹುದಾ? ವಾಸನೆ ಬರದಿದ್ದರೂ ಒಳಗೆ ಬ್ಯಾಕ್ಟೀರಿಯಾ ಬೆಳೆದಿರಬಹುದು ಅನ್ನುವ ಭಯ.

ಇನ್ನೊಂದು: ತೆರೆದ ದಿನಾಂಕವನ್ನು ಪೆನ್ನಲ್ಲಿ ಬರೆದರೆ ಕೈಯ ಎಣ್ಣೆಗೆ ಅಳಿಸಿಹೋಗುತ್ತದೆ. ನೀವೆಲ್ಲ ಹೇಗೆ ಗುರುತು ಇಟ್ಟುಕೊಳ್ಳುತ್ತೀರಿ?