ಹಾಡು ಹಾಕಿದರೆ ನೀಲಿ ಪರದೆ: ಆಡಿಯೊ ಡ್ರೈವರ್ ತೊಂದರೆಯೇ?

ಪ್ರಶ್ನೆ (ಕಡಲತಡಿ, ಕಾರವಾರ): ವಿಂಡೋಸ್ 10 ಡೆಸ್ಕ್‌ಟಾಪ್. ಯಕ್ಷಗಾನದ ರೆಕಾರ್ಡಿಂಗ್ ಎಡಿಟ್ ಮಾಡುವಾಗ ಭಾಗವತಿಕೆ ಶುರುವಾದ ಕೂಡಲೇ ನೀಲಿ ಪರದೆ ಬಂದು ರೀಸ್ಟಾರ್ಟ್. ‘ಡ್ರೈವರ್ ಐಆರ್‌ಕ್ಯೂಎಲ್’ ಎಂಬ ದೋಷಸಂಕೇತ ತೋರಿಸುತ್ತದೆ. ಸೇಫ್ ಮೋಡ್‌ನಲ್ಲಿ (ತೀರಾ ಅಗತ್ಯದ್ದಷ್ಟೇ ಲೋಡ್ ಆಗುವ ಸ್ಥಿತಿ) ಆರಾಮಾಗಿ ಓಡುತ್ತದೆ. ರ‍್ಯಾಮ್ (ಮೆಮೊರಿ ಪಟ್ಟಿ) ಬದಲಿಸಬೇಕಾ?

ಹಸಿರುಗುಡ್ಡ, ಶಿರಸಿ: ಈಗಲೇ ದುಡ್ಡು ಹಾಕಬೇಡಿ. ಸೇಫ್ ಮೋಡ್‌ನಲ್ಲಿ ಆಡಿಯೊ ಡ್ರೈವರ್ (ಸೌಂಡ್ ಸಾಧನವನ್ನು ನಡೆಸುವ ತಂತ್ರಾಂಶ) ಲೋಡ್ ಆಗುವುದಿಲ್ಲ, ಅದೇ ದೊಡ್ಡ ಸುಳಿವು. ಡ್ರೈವರ್ ಕರ್ನಲ್ ಮಟ್ಟದಲ್ಲಿ, ಅಂದರೆ ವಿಂಡೋಸ್‌ನ ತಿರುಳಲ್ಲೇ, ಓಡುತ್ತದೆ. ಮುಟ್ಟಬಾರದ ಹೊತ್ತಲ್ಲಿ ತಪ್ಪು ಮೆಮೊರಿ ಮುಟ್ಟಿದರೆ ಇಡೀ ವಿಂಡೋಸೇ ನಿಲ್ಲುತ್ತದೆ. ವಿಂಡೋಸ್ ಫೋಲ್ಡರ್ ಒಳಗಿನ ಮಿನಿಡಂಪ್ ಫೈಲನ್ನು (ಕ್ರ್ಯಾಶ್‌ನ ದಾಖಲೆ) ದೋಷ ಹುಡುಕುವ ತಂತ್ರಾಂಶವಾದ ಡಿಬಗರ್‌ನಲ್ಲಿ ತೆರೆದು ಯಾವ ಡ್ರೈವರ್ ಹೆಸರು ಬರುತ್ತದೆ ನೋಡಿ. ಆಡಿಯೊ ಡ್ರೈವರೇ ಆದರೆ ಮೊದಲು ಇಂಟರ್ನೆಟ್ ಕಟ್ ಮಾಡಿ, ಇಲ್ಲದಿದ್ದರೆ ವಿಂಡೋಸ್ ಅಪ್‌ಡೇಟ್ ಅದನ್ನೇ ಮತ್ತೆ ತಂದು ಕೂರಿಸಬಹುದು. ಡಿವೈಸ್ ಮ್ಯಾನೇಜರ್‌ನಲ್ಲಿ ಸೌಂಡ್ ಸಾಧನದ ಮೇಲೆ ರೈಟ್ ಕ್ಲಿಕ್, ಅನ್‌ಇನ್‌ಸ್ಟಾಲ್. ಡ್ರೈವರ್ ಸಾಫ್ಟ್‌ವೇರ್ ಅಳಿಸುವ ಚೌಕಕ್ಕೆ ಟಿಕ್ ಹಾಕಲೇಬೇಕು. ಬಿಟ್ಟರೆ ಹಳೆಯದೇ ವಾಪಸ್. ರೀಸ್ಟಾರ್ಟ್ ಆದಮೇಲೆ ವಿಂಡೋಸ್‌ನ ಸಾಮಾನ್ಯ ‘ಹೈ ಡೆಫಿನಿಷನ್ ಆಡಿಯೊ’ ಡ್ರೈವರ್ ಬರುತ್ತದೆ. ಅದರಲ್ಲೇ ಎಡಿಟಿಂಗ್ ನಡೆಸಿ ನೋಡಿ.

ಕಡಲತಡಿ: ಸಾಮಾನ್ಯ ಡ್ರೈವರ್‌ನಲ್ಲಿ ನೀಲಿ ಪರದೆ ಬರಲಿಲ್ಲ. ಆದರೆ ಮುಂಭಾಗದ ಮೈಕ್ ಜ್ಯಾಕ್ ಕೆಲಸ ಮಾಡುತ್ತಿಲ್ಲ.

ಬಂದರು ರಸ್ತೆ, ಹೊನ್ನಾವರ: ಮದರ್‌ಬೋರ್ಡ್ ಮಾಡೆಲ್ ನಂಬರ್ ನೋಡಿ, ತಯಾರಕರ ತಾಣದಿಂದ ಅದಕ್ಕೇ ಮೀಸಲಾದ ಡ್ರೈವರ್ ಹಾಕಿ. ‘ಡ್ರೈವರ್ ಅಪ್‌ಡೇಟರ್’ ತಂತ್ರಾಂಶಗಳು ದಯವಿಟ್ಟು ಬೇಡ ಮಾರಾಯ್ರೆ. ಮತ್ತೆ ಕ್ರ್ಯಾಶ್ ಆದರೆ, ಅದೂ ಪ್ರತಿ ಸಲ ಬೇರೆ ಬೇರೆ ಫೈಲ್ ಹೆಸರು ಬಂದರೆ, ಆಗ ರ‍್ಯಾಮ್ ಮೇಲೆ ಅನುಮಾನ. ಕರಾವಳಿಯ ಉಪ್ಪುಗಾಳಿಗೆ ಅದರ ಲೋಹದ ಕಾಂಟ್ಯಾಕ್ಟ್ ಮಾಸುತ್ತದೆ: ಪ್ಲಗ್ ತೆಗೆದು, ರ‍್ಯಾಮ್ ಬಿಚ್ಚಿ, ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಕೂರಿಸಿ.