ರಿಮೋಟ್ ಸ್ಟಾರ್ಟರ್ ಸರಿ ಮಾಡಿದೆ, ಹ್ಯಾಂಡಲ್ ಲಾಕ್ ಹೋಯಿತು. ತಲೆ ಕೆಟ್ಟಿದೆ

ನಿದ್ದೆಗೆಟ್ಟವ:
ಎರಡು ಭಾನುವಾರ ಡ್ಯಾಶ್ ಕೆಳಗೆ ತಲೆಕೆಳಗಾಗಿ ಮಲಗಿ ಕಳೆದಿದ್ದೇನೆ. ಕುತ್ತಿಗೆ ಉಳುಕಿದೆ. ವಿಷಯ ಇಷ್ಟೇ. ಹೊರಗಿನಿಂದ ತಂದ ರಿಮೋಟ್ ಸ್ಟಾರ್ಟರ್ ನಾನೇ ಕೂರಿಸಿದ್ದೇನೆ. ಅದಕ್ಕೆ ಬೇರೆ ರಿಮೋಟ್ ಇಲ್ಲ. ಗಾಡಿಯ ಜೊತೆ ಬಂದ ಕೀಯಲ್ಲೇ ಲಾಕ್ ಬಟನ್ 3 ಸಲ ಒತ್ತಿದರೆ ಎಂಜಿನ್ ಸ್ಟಾರ್ಟ್ ಆಗಬೇಕು. ಮೂರು ವಾರ ಚೆನ್ನಾಗಿ ನಡೆಯಿತು. ಆಮೇಲೆ ಒಂದು ದಿನ ಸ್ಟಾರ್ಟ್ ಆಗುವುದೇ ನಿಂತಿತು. ಅದನ್ನು ಸರಿ ಮಾಡಿಕೊಂಡೆ. ಈಗ ಸ್ಟಾರ್ಟ್ ಆಗುತ್ತದೆ, ಆದರೆ ಬಾಗಿಲ ಹ್ಯಾಂಡಲ್ ಮೇಲಿನ ಬಟನ್ ಒತ್ತಿದರೆ ಬೀಪ್ ಬೀಪ್ ಅಂತ ಕೂಗುತ್ತದೆ, ಲಾಕ್ ಆಗುವುದಿಲ್ಲ. ಕೀಯಲ್ಲಿರುವ ಲಾಕ್ ಬಟನ್ ಮಾತ್ರ ಕೆಲಸ ಮಾಡುತ್ತದೆ. ವೈರಿಂಗ್ ಎರಡು ಸಲ ನೋಡಿದ್ದೇನೆ, ಎಲ್ಲಾ ಸರಿ ಇದೆ. ದಯವಿಟ್ಟು ಯಾರೂ "ವೈರಿಂಗ್ ನೋಡಿ" ಅಂತ ಬರೆಯಬೇಡಿ.

ಬೆಸುಗೆ ಭೈರವ:
ವೈರಿಂಗ್ ನೋಡಿ.
ಅದರಲ್ಲೂ ಗ್ರೌಂಡ್, ಅಂದರೆ ಗಾಡಿಯ ಲೋಹದ ಬಾಡಿಗೆ ಹಿಡಿಸುವ ಮೈನಸ್ ತಂತಿ. ಡ್ಯಾಶ್ ಒಳಗೆ ಕೈಗೆ ಸಿಕ್ಕ ಬೋಲ್ಟಿಗೆ ಸಿಕ್ಕಿಸಿರುತ್ತೀರಿ. ಬಣ್ಣ ಕೆರೆದು ಬರೀ ಲೋಹಕ್ಕೆ ಹಿಡಿಸಬೇಕು. ಒಮ್ಮೆ ಹೀಗೆ, ಒಮ್ಮೆ ಹಾಗೆ ಆಡಿದರೆ ಅದು ಗ್ರೌಂಡೇ.

ಕ್ಯಾನ್ ಕಿಟ್ಟಿ:
ಗ್ರೌಂಡ್ ಅಲ್ಲ ಸಾರ್, ಕ್ಯಾನ್ ಲೈನ್. ಗಾಡಿಯ ಮಾಡ್ಯೂಲ್‌ಗಳು ಪರಸ್ಪರ ಸಂದೇಶ ಕಳಿಸುವ ಜೋಡಿ ತಂತಿ ಅದು, ಒಂದು ಹೈ, ಒಂದು ಲೋ. ನಿಮ್ಮ ಸ್ಟಾರ್ಟರ್ ಲಾಕ್ ಸಂದೇಶವನ್ನು ಅಲ್ಲಿಂದಲೇ ಓದುತ್ತದೆ. ಬ್ಯಾಟರಿ ಬಿಚ್ಚಿ, ಕ್ಯಾನ್ ಹೈ ಮತ್ತು ಕ್ಯಾನ್ ಲೋ ನಡುವೆ ಓಮ್ ಅಳೆಯಿರಿ. ಎರಡು ತುದಿಗೂ 120 ಓಮ್ ಇರುವ ಲೈನಾದರೆ 60ರ ಹತ್ತಿರ ಬರಬೇಕು. ಮಲ್ಟಿಮೀಟರ್ ಮಾತ್ರ ಬಳಸಿ. ಬಲ್ಬ್ ಇರುವ ಟೆಸ್ಟರ್ ಚುಚ್ಚಿದರೆ ಯಾವುದಾದರೂ ಮಾಡ್ಯೂಲ್ ಸುಟ್ಟೀತು.

ನಿದ್ದೆಗೆಟ್ಟವ:
ಗ್ರೌಂಡ್ ಬಿಚ್ಚಿ, ಬಣ್ಣ ಕೆರೆದು, ಹೊಸ ಲಗ್ ಹಾಕಿದೆ. ಏನೂ ಬದಲಾಗಿಲ್ಲ. ಓಮ್ 60.3 ಬಂತು.

ಕ್ಯಾನ್ ಕಿಟ್ಟಿ:
60.3 ಸರಿ ಇದೆ. ಆದರೂ ಹೈ, ಲೋ ಅದಲುಬದಲು ಆಗಿರಬಹುದು. ಎರಡೂ ತಂತಿ ಹೆಣೆದಿದ್ದೀರಾ? ಎಷ್ಟು ಉದ್ದ ಎಳೆದಿದ್ದೀರಿ?

ಹಳೇ ರಿಲೇ:
ಮೂರು ಪ್ರಶ್ನೆ. ಕೀ ತಿರುಗಿಸುವ ಗಾಡಿಯೋ, ಬಟನ್ ಒತ್ತುವ ಗಾಡಿಯೋ? ಗೇರ್ ಯಾವುದು? ಸರಿಯಾದ ಕೀ ಕಾಣದಿದ್ದರೆ ಎಂಜಿನ್ ಸ್ಟಾರ್ಟ್ ಆಗಲು ಬಿಡದ ಇಮೊಬಿಲೈಸರ್ ಇರುತ್ತದಲ್ಲ, ಅದನ್ನು ಹೇಗೆ ದಾಟಿಸಿದ್ದೀರಿ?

ನಿದ್ದೆಗೆಟ್ಟವ:
ಬಟನ್ ಗಾಡಿ. ಹ್ಯಾಂಡಲ್ ಬಟನ್ ಅಂದ ಮೇಲೆ ಅದು ಗೊತ್ತಾಗುತ್ತದೆ ಅಲ್ವಾ? ಆಟೋಮ್ಯಾಟಿಕ್. ಕ್ಯಾನ್ ತಂತಿ ಹೆಣೆದೇ ಇದೆ, ಒಂದು ಗೇಣೂ ಇಲ್ಲ. ಹೈ, ಲೋ ಬದಲಿಸಿ ನೋಡಿದೆ. ಲಾಕ್ 3 ಸಲ ಒತ್ತಿದರೂ ಸ್ಟಾರ್ಟ್ ಆಗಲಿಲ್ಲ. ಮತ್ತೆ ಮೊದಲಿನ ಹಾಗೇ ಹಾಕಿದೆ.

ಬೆಸುಗೆ ಭೈರವ:
ಜಾಯಿಂಟ್‌ಗಳಿಗೆ ಏನು ಹಾಕಿದ್ದೀರಿ? ಆ ಕಚ್ಚುವ ಟೀ ಟ್ಯಾಪ್ ಕ್ಲಿಪ್ಪಾ?

ನಿದ್ದೆಗೆಟ್ಟವ:
ಹೌದು. ಸ್ಟಾರ್ಟರ್ ಬಾಕ್ಸಿನಲ್ಲೇ ಕೊಟ್ಟಿದ್ದರು.

ಬೆಸುಗೆ ಭೈರವ:
ಅಲ್ಲಿಗೆ ಮುಗಿಯಿತು. ಆ ಕ್ಲಿಪ್‌ಗಳನ್ನು ಕಸಕ್ಕೆ ಹಾಕಿ, ಎಲ್ಲಾ ಬೆಸುಗೆ ಮಾಡಿ.

ಸೊನ್ನೆ ಓಮ್:
ಓಡುವ ಗಾಡಿಗೆ ಬೆಸುಗೆಯಾ? ಸೀಸ ಏರಿದ ಜಾಗದಲ್ಲಿ ತಂತಿ ಕಡ್ಡಿಯಂತೆ ಬಿಗಿಯಾಗುತ್ತದೆ. ನಡುಕಕ್ಕೆ ಅದರ ಅಂಚಿನಲ್ಲೇ ತುಂಡಾಗುತ್ತದೆ. ಗಾಡಿಯ ಅಸಲಿ ಹಾರ್ನೆಸ್‌ನಲ್ಲಿ ಬಹುಪಾಲು ಕ್ರಿಂಪೇ, ಅಂದರೆ ಲೋಹದ ತುಣುಕಿನಲ್ಲಿ ತಂತಿ ಒತ್ತಿ ಹಿಡಿಸಿದ ಜಾಯಿಂಟೇ ಇರುವುದು ಯಾಕೆ ಅಂದುಕೊಂಡಿರಿ?

ಬೆಸುಗೆ ಭೈರವ:
ತಂತಿಯನ್ನು ಕಟ್ಟಿ ಆಧಾರ ಕೊಡದಿದ್ದರೆ ತುಂಡಾಗದೆ ಇನ್ನೇನು? ನನ್ನ ಗಾಡಿಯಲ್ಲಿ 23 ಜಾಯಿಂಟ್, ಎಲ್ಲಾ ಬೆಸುಗೆ, ಮೇಲೆ ಹೀಟ್ ಶ್ರಿಂಕ್, ಅದರ ಮೇಲೆ ಬಟ್ಟೆ ಟೇಪ್. ಪ್ರತಿ ತಂತಿಗೂ ಚೀಟಿ. ಬಾನೆಟ್ ತೆರೆದಿದ್ದರೆ ಸ್ಟಾರ್ಟ್ ತಡೆಯುವ ಸ್ವಿಚ್ ಹಾಕಿದ್ದೇನೆ, ಸ್ಟಾರ್ಟರಿಗೆ ಟ್ಯಾಕ್ (ಎಂಜಿನ್ ವೇಗದ ಸಿಗ್ನಲ್) ಕಲಿಸಿದ್ದೇನೆ, 10 ನಿಮಿಷಕ್ಕೆ ತಾನೇ ಆಫ್. ಫೋಟೋ ಬೇಕಾದರೆ ಹಾಕುತ್ತೇನೆ.

ಸೊನ್ನೆ ಓಮ್:
ಫೋಟೋ ಬೇಡ. ಹೋದ ಸಲ ಹಾಕಿದ್ದೀರಿ.

ಕ್ಯಾನ್ ಕಿಟ್ಟಿ:
ಇಗ್ನಿಷನ್ ಆನ್ ಇದ್ದಾಗ ಹೈ ಮತ್ತು ಗ್ರೌಂಡ್ ನಡುವೆ ಎಷ್ಟು ವೋಲ್ಟ್ ಬರುತ್ತದೆ? ಎರಡೂವರೆಗೆ ಸ್ವಲ್ಪ ಮೇಲೆ ಇರಬೇಕು.

ಹಳೇ ರಿಲೇ:
ಕಿಟ್ಟಿಯವರೇ, ಲಾಕ್ 3 ಸಲ ಒತ್ತಿದರೆ ಸ್ಟಾರ್ಟ್ ಆಗುತ್ತಿದೆ ಅಂತ ಅವರೇ ಬರೆದಿದ್ದಾರೆ. ಅಂದರೆ ಸ್ಟಾರ್ಟರ್ ಆ ಸಂದೇಶ ಓದುತ್ತಿದೆ. ಕ್ಯಾನ್ ಬಿಡಿ. ನಿದ್ದೆಗೆಟ್ಟವರೇ, ನನ್ನ ಮೂರನೇ ಪ್ರಶ್ನೆಗೆ ಉತ್ತರ ಬರಲಿಲ್ಲ. ಸ್ಟಾರ್ಟ್ ನಿಂತಾಗ ಏನು ಮಾಡಿ ಸರಿ ಮಾಡಿದಿರಿ?

ನಿದ್ದೆಗೆಟ್ಟವ:
ಎಲ್ಲರೂ ಮಾಡುವ ಹಾಗೇ ಸಾರ್. ಎರಡನೇ ಕೀಯನ್ನು ಡಬ್ಬಿಯಲ್ಲಿಟ್ಟು ಕನ್ಸೋಲ್ ಹಿಂದೆ ಕಟ್ಟಿದ್ದೇನೆ. ಅದರ ಸೆಲ್ ತಂತಿ ಒಂದು ರಿಲೇ, ಅಂದರೆ ಕರೆಂಟಿನಿಂದ ಆನ್ ಆಗುವ ಸ್ವಿಚ್ ಮೂಲಕ ಹೋಗುತ್ತಿತ್ತು. ಸ್ಟಾರ್ಟ್ ನಿಂತಾಗ ಮೀಟರಿನಲ್ಲಿ ಕೀ ಕಾಣುತ್ತಿಲ್ಲ ಅಂತ ಬರುತ್ತಿತ್ತು. ರಿಲೇ ಕೈಕೊಟ್ಟಿದೆ ಅಂತ ಅದನ್ನು ಬಿಟ್ಟು ಎರಡೂ ತಂತಿ ನೇರ ಸೇರಿಸಿದೆ. ಅದಕ್ಕೂ ಬಾಗಿಲ ಲಾಕಿಗೂ ಏನು ಸಂಬಂಧ?

ಹಳೇ ರಿಲೇ:
ಸಂಬಂಧ ಅದೊಂದಕ್ಕೇ!

ಹ್ಯಾಂಡಲ್ ಬಟನ್ ಒತ್ತಿದಾಗ ಗಾಡಿ ಮೊದಲು ಒಳಗಿನ ಆಂಟೆನಾದಿಂದ "ಒಳಗೆ ಯಾವುದಾದರೂ ಕೀ ಉಳಿದಿದೆಯಾ" ಅಂತ ಕೇಳುತ್ತದೆ. ನೀವು ಕೀ ಒಳಗೆ ಮರೆತು ಬಾಗಿಲು ಹಾಕಿಕೊಳ್ಳಬಾರದು ಅಂತ ಇರುವ ವ್ಯವಸ್ಥೆ ಅದು. ಈಗ ನಿಮ್ಮ ಡಬ್ಬಿಯ ಕೀಗೆ ಹಗಲೂ ರಾತ್ರಿ ಸೆಲ್ ಸಿಗುತ್ತಿದೆ. ಅದು "ಇದ್ದೇನೆ" ಅನ್ನುತ್ತದೆ, ಗಾಡಿ ಬೀಪ್ ಕೂಗುತ್ತದೆ. ಕೈಯಲ್ಲಿರುವ ಕೀಯ ಲಾಕ್ ಬಟನ್ ರೇಡಿಯೋದಿಂದ ನೇರ ಆಜ್ಞೆ ಕೊಡುತ್ತದೆ. ನಿಮ್ಮ ಗಾಡಿ ಅದನ್ನು ತಡೆಯುತ್ತಿಲ್ಲ, ಅದಕ್ಕೇ ಆ ಲಾಕ್ ನಡೆಯುತ್ತಿದೆ.

ರಿಲೇ ಇದ್ದದ್ದು ಸುಮ್ನೆ ಅಲ್ಲ. ಸ್ಟಾರ್ಟರ್ ಓಡುವಾಗ ಮಾತ್ರ ಆ ಕೀಗೆ ಸೆಲ್ ಸಿಗಬೇಕು, ಉಳಿದ ಹೊತ್ತು ಅದು ಸತ್ತಂತೆ ಇರಬೇಕು.

ಒಂದು ಪರೀಕ್ಷೆ ಮಾಡಿ. ಬಾಗಿಲು ತೆರೆದಿಟ್ಟು, ಕೈಯಲ್ಲಿರುವ ಕೀಯನ್ನು ದೂರ ಇಟ್ಟು ಬಂದು ಕೂರಿ. ಬ್ರೇಕ್ ಒತ್ತಿ ಸ್ಟಾರ್ಟ್ ಬಟನ್ ಒತ್ತಿ.

ನಿದ್ದೆಗೆಟ್ಟವ:
ಸ್ಟಾರ್ಟ್ ಆಯಿತು. ಗೇರೂ ಬಿತ್ತು.
ಹತ್ತು ದಿನದಿಂದ ಹೀಗೇ ಬೀದಿಯಲ್ಲಿ ನಿಲ್ಲಿಸುತ್ತಿದ್ದೇನೆ ಮಾರಾಯ್ರೇ. ಗಾಜು ಒಡೆದವನು ಆರಾಮಾಗಿ ಓಡಿಸಿಕೊಂಡು ಹೋಗಬಹುದಿತ್ತು.

ಹಳೇ ರಿಲೇ:
ಮೊದಲು ಆ ನೇರ ಜೋಡಣೆ ಬಿಚ್ಚಿ, ಆಮೇಲೆ ಮುಂದಿನದು ಓದಿ. ರಿಲೇ ಸುಟ್ಟಿರುವುದು ಕಡಿಮೆ. ರಿಲೇಯ ಕಾಲುಗಳ ಪಕ್ಕ ನಂಬರ್ ಇರುತ್ತದೆ, 85 ಮತ್ತು 86ರ ನಡುವೆ ಓಮ್ ನೋಡಿ, ಗಾಡಿಯ ಸಾಮಾನ್ಯ 12 ವೋಲ್ಟ್ ರಿಲೇ ಕಾಯಿಲ್ 80, 90ರ ಆಸುಪಾಸು ತೋರಿಸುತ್ತದೆ. ತೋರಿಸಿದರೆ ಕಾಯಿಲ್ ಚೆನ್ನಾಗಿದೆ. 86ಕ್ಕೆ ಫ್ಯೂಸ್ ಹಾಕಿದ 12 ವೋಲ್ಟ್. 85ಕ್ಕೆ ಸ್ಟಾರ್ಟರಿನ ಸ್ಟೇಟಸ್ ತಂತಿ, ಅಂದರೆ ಎಂಜಿನ್ ಓಡಿಸುವಾಗ ಗ್ರೌಂಡ್ ಕೊಡುವ ತಂತಿ. ಸೆಲ್ಲಿನ ಪ್ಲಸ್ 30ಕ್ಕೆ, ಕೀಯ ಪ್ಲಸ್ 87ಕ್ಕೆ. 87ಎಗೆ ಹಾಕಿದರೆ ಎಲ್ಲಾ ಉಲ್ಟಾ ಆಗುತ್ತದೆ, ಜೋಕೆ. ರಿಲೇಯಲ್ಲಿ ಡಯೋಡ್ ಇಲ್ಲದಿದ್ದರೆ ಕಾಯಿಲ್‌ಗೆ ಅಡ್ಡ ಒಂದು ಹಾಕಿ, ಪಟ್ಟೆ 86ರ ಕಡೆ. ಸ್ಟೇಟಸ್ ಔಟ್‌ಪುಟ್ ಒಂದು ಕಾಯಿಲ್ ಎಳೆಯುವಷ್ಟು ಗಟ್ಟಿ, ಅಷ್ಟೇ.

ಸೊನ್ನೆ ಓಮ್:
ಸೆಲ್ ಗೊಡವೆಯೇ ಬೇಡ ಅಂತ ಕೆಲವರು ಕೀಗೆ ಗಾಡಿಯ ಕರೆಂಟನ್ನೇ ನೇರ ಕೊಡುತ್ತಾರೆ. ಅದು 3 ವೋಲ್ಟಿನ ಕೀ. ಕ್ಷಣದಲ್ಲಿ ಹೊಗೆ.

ನಿದ್ದೆಗೆಟ್ಟವ:
ಕಾಯಿಲ್ 87 ಓಮ್. 86ರಲ್ಲಿ 12.4 ವೋಲ್ಟ್. ಆದರೆ ಸ್ಟಾರ್ಟ್ ಒತ್ತಿದಾಗ 85ಕ್ಕೆ ಗ್ರೌಂಡೇ ಬರುತ್ತಿರಲಿಲ್ಲ. ಸ್ಟೇಟಸ್ ತಂತಿಯ ಟೀ ಟ್ಯಾಪ್ ಎಳೆದೆ, ಕೈಗೇ ಬಂತು. ಒಳಗೆ ಎಳೆಗಳೆಲ್ಲಾ ಕತ್ತರಿಸಿ, ಒಂದೆರಡು ಮಾತ್ರ ಅಂಟಿಕೊಂಡಿದ್ದವು. ಹೊಸದಾಗಿ ಕ್ರಿಂಪ್ ಮಾಡಿದೆ. ಸ್ಟಾರ್ಟ್ ಆಗುತ್ತದೆ, ಹ್ಯಾಂಡಲ್ ಲಾಕ್ ಆಗುತ್ತದೆ, ನನ್ನ ಕೀ ಇಲ್ಲದೆ ಬಟನ್ ಒತ್ತಿದರೆ ಗಾಡಿ ಅಲ್ಲಾಡುವುದಿಲ್ಲ. ಗುರುಗಳೇ, ದೊಡ್ಡ ನಮಸ್ಕಾರ.

ಬೆಸುಗೆ ಭೈರವ:
ಸ್ಟೇಟಸ್ ತಂತಿ ಕೊಡುವುದು ಏನು? ಗ್ರೌಂಡ್. ಮೊದಲ ಉತ್ತರದಲ್ಲೇ ಏನು ಹೇಳಿದ್ದೆ? ಗ್ರೌಂಡ್. ಟೀ ಟ್ಯಾಪ್ ಬಗ್ಗೆಯೂ ಹೇಳಿದ್ದೆ.

ಸೊನ್ನೆ ಓಮ್:
ಸರಿಯಾದದ್ದು ಕ್ರಿಂಪಿನಿಂದ. ಗಮನಿಸಿ.

ನಿದ್ದೆಗೆಟ್ಟವ:
ಇನ್ನೊಂದು ಉಳಿದಿದೆ. ಎಂಜಿನ್ ರಿಮೋಟಿನಿಂದ ಓಡುತ್ತಿರುವಾಗ ಕೀಯ ಅನ್‌ಲಾಕ್ ಬಟನ್ ಕೇಳುವುದಿಲ್ಲ. ಲೋಹದ ಕೀ ಹಾಕಿ ಬಾಗಿಲು ತೆರೆಯಬೇಕು.

ಹಳೇ ರಿಲೇ:
ಅದು ತಪ್ಪಲ್ಲ, ಗಾಡಿಯ ಗುಣ. ಇಗ್ನಿಷನ್ ಆನ್ ಇದ್ದಾಗ ಎಷ್ಟೋ ಗಾಡಿಗಳು ಹೊರಗಿನ ರಿಮೋಟ್ ಮಾತು ಕೇಳುವುದಿಲ್ಲ, ಒಳಗೆ ಯಾರೋ ಕೂತಿದ್ದಾರೆ ಅಂದುಕೊಳ್ಳುತ್ತವೆ. ಸ್ಟಾರ್ಟರಿಗೇ ಸೇರಿದ ರಿಮೋಟ್ ಒಂದು ತಗೊಂಡರೆ ಅದು ತನ್ನದೇ ಅನ್‌ಲಾಕ್ ತಂತಿಯಿಂದ ಬಾಗಿಲು ತೆರೆಯಬಲ್ಲದು. ಬೇಡ ಅಂದರೆ ಲೋಹದ ಕೀಯೇ ಗತಿ.

ಕ್ಯಾನ್ ಕಿಟ್ಟಿ:
ಅನ್‌ಲಾಕನ್ನೂ ಕ್ಯಾನ್ ಮೇಲೆ ಕಳಿಸಬಹುದು. ಆ ಹೈ ಲೈನಿನ ವೋಲ್ಟ್ ಇನ್ನೂ ಹೇಳಿಲ್ಲ ನೀವು.

ಹೊಸಬ ಹನ್ನೆರಡು ವೋಲ್ಟ್:
ಇದೇ ಸ್ಟಾರ್ಟರ್ ನನ್ನ ಮ್ಯಾನುಯಲ್ ಗೇರ್ ಗಾಡಿಗೆ ಹಾಕುತ್ತಿದ್ದೇನೆ. ನ್ಯೂಟ್ರಲ್ ತಂತಿ ಮತ್ತು ಕ್ಲಚ್ ಸ್ವಿಚ್ ಎರಡನ್ನೂ ಗ್ರೌಂಡಿಗೆ ಕಟ್ಟಿದರೆ ಸಾಕಾ?

ಹಳೇ ರಿಲೇ:
ಕೈ ತೆಗೆಯಿರಿ. ಗೇರಿನಲ್ಲಿ ಬಿಟ್ಟು ಹೋದ ದಿನ ಗಾಡಿ ತಾನೇ ಮುಂದೆ ನುಗ್ಗುತ್ತದೆ, ಎದುರಿಗೆ ಗೋಡೆಯೋ ಮಗುವೋ ಅದಕ್ಕೆ ಗೊತ್ತಾಗುವುದಿಲ್ಲ. ಮ್ಯಾನುಯಲ್‌ಗೆ ರಿಸರ್ವೇಷನ್ ಮೋಡ್ ಇರುವ ಸ್ಟಾರ್ಟರೇ ಬೇಕು. ಎಂಜಿನ್ ಓಡುತ್ತಿರುವಾಗಲೇ ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಇಳಿದು ಬಾಗಿಲು ಹಾಕಿದ ಮೇಲೆ ಅದೇ ಎಂಜಿನ್ ನಿಲ್ಲಿಸುತ್ತದೆ. ಆಮೇಲೆ ಒಂದು ಬಾಗಿಲು ತೆರೆದರೂ ರಿಮೋಟ್ ಸ್ಟಾರ್ಟ್ ರದ್ದು. ಬೇರೆ ಚರ್ಚೆ ಶುರು ಮಾಡಿ. ಗಾಡಿ ಯಾವುದು, ಯಾವ ವರ್ಷದ್ದು, ಇಮೊಬಿಲೈಸರ್ ಹೇಗೆ ದಾಟಿಸುತ್ತೀರಿ, ಎಲ್ಲಾ ಮೊದಲ ಸಾಲಿನಲ್ಲೇ ಬರೆಯಿರಿ.

ಬೆಸುಗೆ ಭೈರವ:
ಮತ್ತೆ ಗ್ರೌಂಡ್ ಎಲ್ಲಿ ಹಿಡಿದಿದ್ದೀರಿ ಅಂತಲೂ.